ಫ್ಯಾನಿನ ಸದ್ದು ಅಡಗಿದ ಮೇಲೆ

ಬಾಗಲೂರಿನ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಹೊಸೂರಿನ ಕಾರ್ಖಾನೆಯೊಂದಕ್ಕೆ ಪ್ಲಾಸ್ಟಿಕ್ ಸಾಮಾನಿನ ಅಚ್ಚುಗಳನ್ನು ವಿನ್ಯಾಸ ಮಾಡಿಕೊಡುತ್ತೇನೆ. ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ಹೇಗೆ ಹರಿಯುತ್ತದೆಂದು ಲೆಕ್ಕ ಹಾಕಲು ಹೋದ ವರ್ಷ ದೊಡ್ಡ ಕಂಪ್ಯೂಟರ್ ಕೊಂಡೆ. ಕೆಲಸದಲ್ಲಿ ಹುಲಿ. ಆದರೆ ಲೆಕ್ಕಕ್ಕೆ ಕೂತಿತೆಂದರೆ ಅದರ ಫ್ಯಾನುಗಳ ಅಬ್ಬರಕ್ಕೆ ಮನೆಯೇ ಎದ್ದು ಹಾರುತ್ತದೇನೋ ಅನ್ನಿಸುತ್ತಿತ್ತು.

ಆ ಕೋಣೆಯ ಕಿಟಕಿ ಪಕ್ಕದ ಕುರ್ಚಿ ಅಪ್ಪನದು. ಬೆಳಗ್ಗೆ ಗುಲಾಬಿ ಕೊಯ್ದು, ಹೂವನ್ನು ಗಾಡಿಗೆ ಹತ್ತಿಸಿ, ಪೇಪರ್ ಹಿಡಿದು ಅಲ್ಲಿ ಕೂರುತ್ತಿದ್ದರು. ನನ್ನ ಪರದೆಯತ್ತ ಇಣುಕಿ, "ಇವತ್ತೇನು, ಬಕೆಟ್ಟಾ? ಬೈಕಿನ ಮಡ್‌ಗಾರ್ಡಾ?" ಎಂದು ಛೇಡಿಸುತ್ತಿದ್ದರು. ಹೊಸ ಕಂಪ್ಯೂಟರ್ ಬರುವ ಹೊತ್ತಿಗೆ ಅವರ ಕಿವಿಯೂ ಮಂದವಾಗತೊಡಗಿತ್ತು. ಶ್ರವಣಯಂತ್ರ ಹಾಕಿಸಿದೆವು. ಅದು ನನ್ನ ಮಾತಿನ ಜೊತೆ ಫ್ಯಾನಿನ ಸದ್ದನ್ನೂ ದೊಡ್ಡದು ಮಾಡಿತು. "ಮಿಕ್ಸಿ ಒಳಗೆ ಕೂತಂಗಾಯ್ತದೆ ಕಣಮ್ಮ" ಎಂದು ಒಂದು ದಿನ ನಕ್ಕರು. ಕೆಲವು ದಿನಗಳಾದ ಮೇಲೆ ಬರುವುದನ್ನೇ ಬಿಟ್ಟು ಜಗಲಿಯಲ್ಲಿ ಪೇಪರ್ ಓದತೊಡಗಿದರು. ನನಗೆ ಅಳು ಬರುವಷ್ಟು ಬೇಜಾರಾಯಿತು. ಅವರನ್ನು ಆ ಕುರ್ಚಿಗೆ ವಾಪಸು ಕೂರಿಸಲೇಬೇಕೆಂದು ಹಟ ಹಿಡಿದೆ.

ದಾರಿ ಇತ್ತು. ಕಂಪ್ಯೂಟರಿನೊಳಗೆ ಬಿಸಿಯಾಗುವ ಚಿಪ್‌ಗಳ ನೆತ್ತಿಯ ಮೇಲೆ ನೀರು ಹರಿಯುವ ತಾಮ್ರದ ಬಿಲ್ಲೆಗಳನ್ನು ಕೂರಿಸಿ, ಪುಟ್ಟ ಪಂಪಿನಿಂದ ಆ ನೀರನ್ನು ರೇಡಿಯೇಟರಿಗೆ ಕಳಿಸಿ ತಣಿಸುವುದು. ಆಗ ಅಗಲವಾದ ಫ್ಯಾನುಗಳು ನಿಧಾನವಾಗಿ ತಿರುಗಿದರೂ ಸಾಕು. ಸಾಮಾನು ತರಿಸಿ ನೆಲದ ಮೇಲೆ ಹರಡಿಕೊಂಡು ಕೂತೆ.

ಅಪ್ಪ ಬಾಗಿಲಲ್ಲೇ ನಿಂತು ನೋಡಿದರು. "ಕರೆಂಟ್ ಪೆಟ್ಟಿಗೆಗೆ ನೀರು ಬಿಡ್ತೀಯಾ? ತಲೆಗಿಲೆ ಕೆಟ್ಟೈತಾ?" ಎಂದರು. ಪೈಪುಗಳನ್ನು ಕಂಡದ್ದೇ ಅವರ ಮುಖ ಅರಳಿತು, ಇದು ತಮ್ಮ ತೋಟದ ಡ್ರಿಪ್ಪಿನ ತಮ್ಮನೇ! ನೀರು ತುಂಬುವ ಹೊತ್ತಿಗೆ ಸರಿಯಾಗಿ ಬೋರ್‌ವೆಲ್ ನೀರಿನ ಚೊಂಬು ಹಿಡಿದು ಬಂದೇಬಿಟ್ಟರು.

"ಬೇಡಪ್ಪಾ! ಆ ನೀರಲ್ಲಿ ಉಪ್ಪು ಕಟ್ಕೊಳ್ತದೆ, ಡ್ರಿಪ್ಪಿನ ತೂತು ಮುಚ್ಕೊಳ್ಳಲ್ವಾ, ಹಂಗೆ!" ಎಂದೆ. ಅಪ್ಪ ಚೊಂಬಿನ ನೀರನ್ನು ಕರಿಬೇವಿನ ಬುಡಕ್ಕೆ ಸುರಿದು ಜಗಲಿಗೆ ಹೋದರು. ನಾನು ಡಬ್ಬಿಯಲ್ಲಿ ತರಿಸಿದ್ದ ಶುದ್ಧ ದ್ರವವನ್ನೇ ತುಂಬಿದೆ. ಕಂಪ್ಯೂಟರ್ ಹಾಕದೆ ಬರೀ ಪಂಪ್ ಓಡಿಸಿ, ಕೀಲುಗಳ ಕೆಳಗೆ ಟಿಶ್ಯೂ ಕಾಗದ ಹಾಸಿ, ಒಂದು ಹನಿಯಾದರೂ ಸೋರುತ್ತದೆಯೇ ಎಂದು ಜೀವ ಕೈಯಲ್ಲಿ ಹಿಡಿದು ಕಾದೆ. ಕಾಗದ ಒಣಗಿಯೇ ಇತ್ತು.

ಮರುದಿನ ಬೆಳಗ್ಗೆ ಭಾರಿ ಲೆಕ್ಕವೊಂದನ್ನೇ ಕೊಟ್ಟು ನೋಡಿದೆ. ಹತ್ತಿರ ಕಿವಿಯಿಟ್ಟರೆ ಮಾತ್ರ ಉಸಿರಿನಷ್ಟು ಸದ್ದು. ಪಕ್ಕದ ಮನೆಯಾಕೆ ತೆಲುಗಿನಲ್ಲಿ ಕೋಳಿಗೆ ಬೈಯುತ್ತಿದ್ದದ್ದು ಪದಪದವೂ ಕೇಳಿಸಿತು. ಅಪ್ಪನ ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದೆ. ಅವರು ಕಂಪ್ಯೂಟರನ್ನೂ ನನ್ನನ್ನೂ ನೋಡಿ, "ಆಫ್ ಮಾಡಿದ್ದೀಯೇನಮ್ಮ?" ಎಂದರು. ಹಿಗ್ಗಿನಲ್ಲಿ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಅಪ್ಪಾ, ಕಾಫಿ ತರ್ಲಾ?" ಎಂದೆ.

ಅಪ್ಪ ಬೆಚ್ಚಿಬಿದ್ದರು. ಕೈಯಲ್ಲಿದ್ದ ಪೇಪರ್ ಮಡಚಿ, ಏಳುವವರಂತೆ ಕುರ್ಚಿಯ ತುದಿಗೆ ಸರಿದರು.

"ಇನ್ನೂ ಕೋಪ ಹೋಗಿಲ್ವೇನಮ್ಮ?"

"ಯಾವ ಕೋಪಪ್ಪಾ?" ನನ್ನ ದನಿ ಗೋಡೆಗೆ ಬಡಿದು ನನ್ನ ಕಿವಿಗೇ ಬಿತ್ತು. ಅದು ಕೇಳುವ ದನಿಯಾಗಿರಲಿಲ್ಲ, ಗದರುವ ದನಿ.

"ನಂಗೇನು ಗೊತ್ತು. ಈ ಪೆಟ್ಟಿಗೆ ಬಂದಾಗಿಂದ ನೀನು ಬೈದಂಗೇ ಮಾತಾಡ್ತಿದ್ದೆ. ಸದ್ದೇನೋ ಅಭ್ಯಾಸ ಆಗೋಗಿತ್ತು. ನಾನಿದ್ರೆ ನಿನ್ ಕೆಲಸಕ್ಕೆ ಅಡ್ಡಿ ಆಯ್ತದೇನೋ ಅಂತ ಆಚೆ ಕೂತ್ಕಂತಿದ್ದೆ."

ಫ್ಯಾನಿನ ಸದ್ದನ್ನು ಮೀರಿಸಲು ವರ್ಷವಿಡೀ ಅರಚಿದ್ದ ನನಗೆ, ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ನನ್ನ ಕುರ್ಚಿಯನ್ನು ಅವರ ಮೊಣಕಾಲಿನವರೆಗೆ ಎಳೆದುಕೊಂಡು ಕೂತೆ.

"ಕೋಪ ಇರ್ಲಿಲ್ಲಪ್ಪಾ. ಯಾವತ್ತೂ ಇರ್ಲಿಲ್ಲ."

"ಆಂ?" ಎಂದು ಅಪ್ಪ ಕಿವಿಯನ್ನು ಮುಂದಕ್ಕೆ ತಂದರು.

ಅಷ್ಟೇ ಮೆಲ್ಲಗೆ ಇನ್ನೊಂದು ಸಲ ಹೇಳಿದೆ.