ದೊಡ್ಡಮ್ಮ ಕಂಪ್ಯೂಟರ್ ಒರೆಸುವ ದಿನ

ನಮ್ಮ ದೊಡ್ಡಪ್ಪ ಮಾತಿನ ಮಲ್ಲ. ಎದುರಿನವರು ಬಾಯಿ ಮುಚ್ಚುವ ಮೊದಲೇ ತಿರುಗೇಟು ಕೊಟ್ಟು ನಗಿಸುವವರು. ಗಂಟಲಿನ ಆಪರೇಷನ್ನಿನಲ್ಲಿ ದನಿ ಹೋದ ಮೇಲೆ ಅವರ ಪರವಾಗಿ ಮನೆಯ ಹಳೇ ಕಂಪ್ಯೂಟರೇ ಮಾತಾಡುತ್ತಿತ್ತು. ಅವರು ಟೈಪ್ ಮಾಡಿದ್ದನ್ನು ಅದು ಗಟ್ಟಿಯಾಗಿ ಓದುತ್ತಿತ್ತು. ದನಿ ಬಸ್‌ಸ್ಟ್ಯಾಂಡಿನ ಪ್ರಕಟಣೆಯಂತಿದ್ದರೂ ತುಂಟತನ ಮಾತ್ರ ಅವರದೇ.

ಅಂಥ ಕಂಪ್ಯೂಟರು ಈ ವರ್ಷ ಆಮೆಯಾಯಿತು. ದೊಡ್ಡಪ್ಪ ಚಟಾಕಿ ಹಾರಿಸಿದರೆ ಅದು ಗುಂಯ್‌ಗುಟ್ಟುತ್ತ ಕೂತು, ಮಾತು ಎಲ್ಲೋ ಹೋದ ಮೇಲೆ ಬಾಯಿ ಬಿಡುತ್ತಿತ್ತು. ಒಮ್ಮೆ ಪಕ್ಕದ ಮನೆಯವರು ತಾಯಿಯ ಕಾಯಿಲೆ ಹೇಳಿಕೊಂಡು ಅಳುವಂತಾಗಿದ್ದಾಗ, ಸ್ವಲ್ಪ ಮೊದಲು ಅವರ ಬೋಳುತಲೆಯ ಬಗ್ಗೆ ದೊಡ್ಡಪ್ಪ ಟೈಪ್ ಮಾಡಿದ್ದ ತಮಾಷೆ ಹೊರಬಿತ್ತು. ಅಂದಿನಿಂದ ದೊಡ್ಡಪ್ಪ ಕೀಬೋರ್ಡಿನ ಹತ್ತಿರ ಸುಳಿಯಲಿಲ್ಲ. ಏನು ಕೇಳಿದರೂ ತಲೆಯಾಡಿಸುವುದು, ಅಷ್ಟೇ. ಮನೆ ಬಿಕೋ ಎನ್ನುತ್ತಿತ್ತು. ನನಗಂತೂ ಆ ಡಬ್ಬ ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ದೊಡ್ಡಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವವರು. ಕಂಪ್ಯೂಟರಿನ ಪಕ್ಕದಲ್ಲೇ ಅವರ ಹೊಲಿಗೆ ಯಂತ್ರ. ಅದು ಬಿಗಿಯಾದರೆ ಬಿಚ್ಚಿ, ಬ್ರಷ್ ಆಡಿಸಿ, ಎಣ್ಣೆ ಬಿಡುವುದು ಅವರಿಗೆ ನೀರು ಕುಡಿದಷ್ಟು ಸಲೀಸು.

"ಇದನ್ನೂ ಬಿಚ್ಚೇ ಬಿಡೋಣ ಕಣೇ. ಹೆಚ್ಚಂದ್ರೆ ಕೆಡುತ್ತೆ. ಈಗೇನು ಭಾರಿ ಚೆನ್ನಾಗಿದ್ಯಾ?" ಎಂದರು ಒಂದು ಶನಿವಾರ.

"ಬಿಚ್ಚೋಣ. ಎಣ್ಣೆ ಮಾತ್ರ ಬಿಡ್ಬೇಡಿ ದೊಡ್ಡಮ್ಮ."

ಪ್ಲಗ್ ಕಿತ್ತು ಪಕ್ಕದ ತಗಡು ತೆಗೆದೆವು. ಒಳಗೆ ಬಿಸಿ ತಣಿಸುವ ಫ್ಯಾನು ಕಾಣಿಸಲೇ ಇಲ್ಲ. ನೀಲಿ, ಕೆಂಪು, ಹಳದಿ ನೂಲಿನ ಜುಂಗು ಧೂಳಿನೊಡನೆ ಕಂಬಳಿಯಂತೆ ಕೂತಿತ್ತು. ಎಲ್ಲ ದೊಡ್ಡಮ್ಮ ಹೊಲಿದ ಬಟ್ಟೆಗಳದೇ.

"ಅಯ್ಯೋ, ಇವರ ಬಾಯಿ ಕಟ್ಟಿಹಾಕಿದ್ದು ನಾನೇನಾ?" ಎಂದು ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದು, ಒಣ ಬ್ರಷ್‌ನಿಂದ ಜುಂಗನ್ನೆಲ್ಲ ಅವರೇ ಬಿಡಿಸಿದರು. ಬೇಡದ ಪ್ರೋಗ್ರಾಮುಗಳನ್ನು ನಾನು ಕಿತ್ತುಹಾಕಿದೆ. ಕಂಪ್ಯೂಟರು ಚುರುಕಾಯಿತು. ಹೊಲಿಗೆ ಯಂತ್ರ ಅಂದೇ ಒಳಕೋಣೆಗೆ ಹೋಯಿತು. ಆಮೇಲೆ ಪ್ರತಿ ಶನಿವಾರ ದೊಡ್ಡಮ್ಮ ಕಂಪ್ಯೂಟರಿನ ಧೂಳು ಒರೆಸುವರು, ಬೇಡದ ಫೈಲುಗಳನ್ನು ಅಳಿಸುವರು, ಅಪ್‌ಡೇಟ್ ಕೇಳಿದರೆ ಹಾಕಿ ರೀಸ್ಟಾರ್ಟ್ ಮಾಡುವರು. ನಾನು ಅವಸರಕ್ಕೆ ನೇರ ಸ್ವಿಚ್ ಆರಿಸಿದರೆ ಬೈಗುಳ ಖಂಡಿತ.

ದೊಡ್ಡಪ್ಪ ಮಾತ್ರ ಅತ್ತ ತಿರುಗಿಯೂ ನೋಡಲಿಲ್ಲ. ದೊಡ್ಡಮ್ಮ ಒತ್ತಾಯಿಸಲೂ ಇಲ್ಲ, ಒರೆಸುವುದನ್ನು ಬಿಡಲೂ ಇಲ್ಲ.

ಮೊನ್ನೆ ದೊಡ್ಡಮ್ಮ ಒಳಕೋಣೆಯಲ್ಲಿ ಬಟ್ಟೆ ಮಡಚುತ್ತ ನನಗೆ ಹಳೇ ಕಥೆ ಹೇಳುತ್ತಿದ್ದರು. "ಮೊದಲ್ನೇ ಸಲ ನನ್ನ ಕಂಡಾಗ ನಿಮ್ಮ ದೊಡ್ಡಪ್ಪ ಬೆವತು ನೀರಾಗಿದ್ರು. ಬಾಯಿಂದ ಒಂದು ಮಾತಾದ್ರೂ ಹೊರಡ್ಬೇಕಲ್ಲ! ನಾನೇ..."

ಹೊರಗೆ ಕಟಕಟ ಸದ್ದಾಯಿತು. "ನೀನು ಬಿಟ್ಟಿದ್ರೆ ತಾನೆ!" ಎಂದಿತು ಕಂಪ್ಯೂಟರು.

ಎಷ್ಟೋ ತಿಂಗಳಿಂದ ದೊಡ್ಡಮ್ಮನ ಮಾತಿಗೆ ಯಾರೂ ಅಡ್ಡ ಬಾಯಿ ಹಾಕಿರಲಿಲ್ಲ. ಬಟ್ಟೆಯನ್ನು ನನ್ನ ಕೈಗೆ ತುರುಕಿ ಹೊರಗೆ ಹೋಗಿ, ದೊಡ್ಡಪ್ಪನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

"ಹೂಂ, ಇನ್ನೂ ಅನ್ನಿ," ಎಂದರು.