ಬೀಗರ ಸಾಲಿನಲ್ಲಿ ಖಾರದ ಒಬ್ಬಟ್ಟು

ಕೊರಟಗೆರೆಯ ಛತ್ರದ ಹಿಂದೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆನೆಯನ್ನು ಅಂಗಾತ ಮಲಗಿಸಬಹುದಾದಷ್ಟು ದೊಡ್ಡ ಪಾತ್ರೆಯಲ್ಲಿ ಹುರುಳಿಕಾಳು ಕುದಿಯುತ್ತಿದೆ. ಆ ಘಮಕ್ಕೆ ಮಧುಗಿರಿಯ ನಾಯಿಗಳೆಲ್ಲ ಎದ್ದು ಈ ಕಡೆಗೇ ಹೊರಟಿವೆ ಎಂದರೆ ನಂಬಲೇಬೇಕು. ಪಕ್ಕದಲ್ಲಿ ನವಣೆ ಅನ್ನ, ಬೆಲ್ಲ ಮುಟ್ಟಿಸದ ಹಾಗಲಕಾಯಿ ಗೊಜ್ಜು, ಮೆಂತ್ಯ ಸೊಪ್ಪಿನ ಪಲ್ಯ. ಮದುವೆಗೆ ಬರುವ ಸಕ್ಕರೆ ಕಾಯಿಲೆಯವರಿಗೆ ಬೇರೆ ಅಡುಗೆ, ಬೇರೆ ಪಂಕ್ತಿ. ಇವನ್ನೆಲ್ಲ ಆಳುವವರು ದಾಸಮ್ಮ.

"ಈಗ ಮದ್ವೆ ಗೊತ್ತಾದ್ರೆ ವಾಲಗದೋರಿಗಿಂತ ಮುಂಚೆ ನಂಗೇ ಫೋನ್ ಬತ್ತದೆ," ಎನ್ನುತ್ತಾ ಹೂರಣ ರುಬ್ಬುತ್ತಾರೆ. ಹುರುಳಿಕಾಳು, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಖಾರದ ಒಬ್ಬಟ್ಟಿಗೆ.

ಪಾವಗಡ ತಾಲ್ಲೂಕಿನ ನಿಡುಗಲ್ಲಿನ ದಾಸಮ್ಮ ಮೊದಲು ಶಿರಾದ ಅಡುಗೆ ಕಂಟ್ರಾಕ್ಟರ್ ಅಡವಯ್ಯನ ಬಳಿ ಈರುಳ್ಳಿ ಹೆಚ್ಚುತ್ತಿದ್ದವರು. ಹೆಚ್ಚಿದ ಈರುಳ್ಳಿ ರಾಶಿ ಹಾಕಿದ್ದರೆ ನಿಡುಗಲ್ ಬೆಟ್ಟ ನಾಚಿ ಕೂರುತ್ತಿತ್ತು. ಕಣ್ಣೀರಿಗೆ ಬೇರೆ ಕಾರಣವೂ ಇತ್ತು. ಗಂಡ ಚಿಕ್ಕನರಸಯ್ಯನಿಗೆ ಶುಗರ್. ಮನೆಯಲ್ಲಿ ಕಟ್ಟುನಿಟ್ಟಿನ ಪಥ್ಯ. ಮದುವೆಮನೆಯಲ್ಲಿ ಕೂತರೆ, ಪಕ್ಕದವರು ಏನಂದುಕೊಂಡಾರೋ ಎಂದು ಒಬ್ಬಟ್ಟಿನ ಮೇಲೆ ಒಬ್ಬಟ್ಟು. ಮೊದಲು ಕಾಲಿನ ಒಂದು ಬೆರಳು ಹೋಯಿತು, ಆಮೇಲೆ ಪಾದವೇ ಹೋಯಿತು.

"ಬ್ಯಾಡ ಅನ್ನಕ್ಕೆ ನಾಚ್ಕಂಡು ಕಾಲು ಕಳ್ಕಂಡ್ರು ಕಣಣ್ಣ ನಮ್ ಯಜಮಾನ್ರು. ಅವತ್ತಿಂದ ಯಾವ್ ಮದ್ವೇಗೂ ಕಾಲಿಕ್ಕಿಲ್ಲ."

ಸುತ್ತಲ ನಾಲ್ಕು ತಾಲ್ಲೂಕಿನದೂ ಇದೇ ಕತೆ. ಶಿರಾದ ಬೇಕರಿಯಲ್ಲಿ ಸಕ್ಕರೆ ಇಲ್ಲದ ಬಿಸ್ಕತ್ತು, ಪಾವಗಡ ಬಸ್‌ಸ್ಟ್ಯಾಂಡಿನಲ್ಲಿ ಸಕ್ಕರೆ ಇಲ್ಲದ ಟೀ, ಮಧುಗಿರಿಯ ಅಂಗಡಿಗಳಲ್ಲಿ ನವಣೆ, ಸಾಮೆ ಪೊಟ್ಟಣ; ತಂದಿಟ್ಟದ್ದು ಸಂಜೆಗೆ ಇರುವುದಿಲ್ಲ. ಆದರೆ ಕೇಳಿ ನೋಡಿ, ಕೊಂಡವರೆಲ್ಲ ಕೊಂಡದ್ದು ಯಾರೋ ನೆಂಟರಿಗಂತೆ!

ಮದುವೆಗಳಲ್ಲಿ ಇಂಥವರಿಗೊಂದು ಪಂಕ್ತಿ ಇರಲಿ ಎಂದು ದಾಸಮ್ಮ ಅಡವಯ್ಯನ ಕಿವಿ ತೂತಾಗುವಷ್ಟು ಹೇಳಿದರು. ಕೊನೆಗೆ ಶಿರಾದ ಒಂದು ಮದುವೆಯಲ್ಲಿ ಆತ ಒಪ್ಪಿದ. "ಎಲೆ ತುಂಬಿದ್ರೆ ನಿನ್ ಪಂಕ್ತಿ ಇರ್ತದೆ. ಖಾಲಿ ಬಿತ್ತು ಅಂದ್ರೆ ನಾಳೆಯಿಂದ ಮತ್ತೆ ಈರುಳ್ಳಿ. ಆಮ್ಯಾಕೆ ಈ ಮಾತೆತ್ತಂಗಿಲ್ಲ."

ಅಂದಿನ ಊಟದ ಹೊತ್ತನ್ನು ನೆನೆದರೆ ದಾಸಮ್ಮನ ಕೈ ಈಗಲೂ ನಿಲ್ಲುತ್ತದೆ. 'ಸಕ್ಕರೆ ಕಾಯಿಲೆಯವರಿಗೆ' ಎಂಬ ಬೋರ್ಡು. ಅದರ ಕೆಳಗೆ ಉದ್ದಕ್ಕೂ ಎಲೆ. ಒಂದು ನರಪಿಳ್ಳೆ ಇಲ್ಲ! ಮಾತ್ರೆ ನುಂಗಿ ನುಂಗಿ ನಾಲಿಗೆ ಬಣ್ಣಗೆಟ್ಟವರೂ ಆ ಕಡೆ ತಿರುಗದೆ ಪಾಯಸದ ಸಾಲಿಗೆ ನುಗ್ಗಿದರು.

"ನೋಡಿದ್ಯಾ? ಆ ಬೋರ್ಡ್ ಕೆಳಗೆ ಕೂತ್ರೆ ಮಗಳಿಗೆ ಗಂಡು ಸಿಗಾಕಿಲ್ಲ ಅಂತಾರೆ ಜನ. ಇನ್ನೊಂದ್ ಪಂಕ್ತಿ ನೋಡ್ತೀನಿ, ಅಷ್ಟೇ," ಎಂದ ಅಡವಯ್ಯ.

ದಾಸಮ್ಮ ಮುದ್ದೆ ಕೋಲಿನಲ್ಲೇ ಬೋರ್ಡನ್ನು ಕೆಡವಿ, ಪಕ್ಕದ ಸಾಲಿನ 'ಬೀಗರಿಗೆ ಮಾತ್ರ' ಬೋರ್ಡನ್ನು ತಂದು ಅಲ್ಲಿ ನೇತುಹಾಕಿದರು.

ಅಷ್ಟೇ! ಕೆರೆ ಕೋಡಿ ಬಿದ್ದ ಹಾಗೆ ಜನ ನುಗ್ಗಿತು. ಬೀಗರ ಬೀಗರು, ಬೀಗರ ಡ್ರೈವರು, ಬೀಗರ ಊರಿನ ಬಸ್ ಹತ್ತಿದ್ದವರೂ ಬೀಗರೇ. ನಟ್ಟನಡುವೆ ಗಂಡಿನ ತಂದೆ ದೊಡ್ಡರಂಗಪ್ಪ. ಸೊಸೆಯ ಕಡೆಯವರು ಉಪ್ಪು ಬಡಿಸುವುದು ತಡವಾದರೂ ಮದುವೆ ಮುರಿಯಬಲ್ಲ ಮೀಸೆ ಅವರದು. ಮೂರು ಸಲ ನವಣೆ ಅನ್ನ ಹಾಕಿಸಿಕೊಂಡು, ಒಬ್ಬಟ್ಟು ಮುರಿದು ಬಾಯಿಗಿಟ್ಟರು. ಹುಬ್ಬು ಮೇಲೇರಿತು.

"ಏನಮ್ಮಾ ಇದು? ಬೀಗ್ರಿಗೆ ಖಾರದ ಒಬ್ಬಟ್ಟಾ?"

ವಾಲಗ ನಿಂತಿತು. ಅಡವಯ್ಯ ಕಂಬ ಹಿಡಿದುಕೊಂಡ. ದಾಸಮ್ಮ ಸೌಟು ಕೆಳಗಿಟ್ಟರು. "ತಪ್ಪಾಯ್ತು ಯಜಮಾನ್ರೆ. ಇದು ಶುಗರ್‌ನೋರ ಊಟ. ಬೋರ್ಡು ಬದ್ಲಾಯಿಸಿದ್ದು ನಾನೇ."

ದೊಡ್ಡರಂಗಪ್ಪ ಅಂಗಿಯ ಜೇಬಿಗೆ ಕೈಹಾಕಿದರು. ಹೊರಬಂದದ್ದು ಮಾತ್ರೆಯ ಹಾಳೆ. "ಇನ್ನೊಂದು ಒಬ್ಬಟ್ಟು ಹಾಕಮ್ಮ. ಹತ್ತು ವರ್ಷದಿಂದ ಕೈ ತೊಳಿಯೋ ಜಾಗದಾಗೆ ಕದ್ದು ನುಂಗ್ತಾ ಇವ್ನಿ."

"ಅಯ್ಯೋ ದೇವ್ರೆ! ನಂಗೇ ಹೇಳಿಲ್ವಲ್ರೀ!" ಎಂದು ಅವರ ಹೆಂಡತಿ ಚಿಕ್ಕಲಕ್ಷ್ಮಮ್ಮ ಚೀರಿದರು. ಚೀರಿದವರೇ ಸೆರಗಿನ ಗಂಟು ಬಿಚ್ಚಿದರು. ಅಲ್ಲೂ ಅದೇ ಮಾತ್ರೆ! ಹೆಣ್ಣಿನ ತಂದೆಯ ಜೇಬು, ಸೋದರಮಾವನ ಪರ್ಸು, ಡ್ರೈವರನ ಟವೆಲ್ಲು. ಅಷ್ಟು ಮಾತ್ರೆ ಶಿರಾದ ಮೆಡಿಕಲ್ ಸ್ಟೋರುಗಳಲ್ಲೂ ಇದ್ದಿರಲಾರದು.

"ಅವತ್ತು ಗೊತ್ತಾತು ನೋಡಣ್ಣ. ಎಲ್ರೂ ನಮ್ ಯಜಮಾನ್ರಂಗೇ," ಎನ್ನುತ್ತಾರೆ ದಾಸಮ್ಮ.

ಈರುಳ್ಳಿ ಈಗ ಬೇರೆಯವರ ಪಾಲು. ಕೊರಟಗೆರೆಯ ಈ ಮದುವೆಯಲ್ಲಿ ಬೋರ್ಡೇ ಇಲ್ಲ. ಮುಹೂರ್ತ ಮುಗಿಯುವ ಮೊದಲೇ ದಾಸಮ್ಮನ ಪಂಕ್ತಿ ಭರ್ತಿ. ಖಾಲಿ ಉಳಿದದ್ದು ಮೊದಲನೇ ಎಲೆ ಮಾತ್ರ. ನೀರು ಚಿಮುಕಿಸಿ, ಪಕ್ಕದಲ್ಲಿ ಲೋಟ ಇಟ್ಟಿದ್ದಾರೆ.

"ಜನ ನಿಂತವ್ರೆ, ಅದ್ಯಾರಿಗೆ ದಾಸಮ್ಮಾ ಆ ಎಲೆ?" ಅಡವಯ್ಯ ಕೂಗುತ್ತಾನೆ. ಪ್ರತಿ ಮದುವೆಯಲ್ಲೂ ಕೂಗುತ್ತಾನೆ, ಉತ್ತರ ಗೊತ್ತಿದ್ದೂ.

"ನಮ್ ಯಜಮಾನ್ರಿಗೆ ಕಣಣ್ಣ. ಇವತ್ತಲ್ಲ ನಾಳೆ ಬತ್ತಾರೆ ಬುಡು. ಈ ಎಲೆ ಮ್ಯಾಲೆ ಅವ್ರು ಬ್ಯಾಡ ಅನ್ಬೇಕಾದ್ದು ಏನೂ ಇರಾಕಿಲ್ಲ."