ಜಲತರಂಗವಲ್ಲ

ಸಿದ್ದರಾಜು ಅಂಕಲ್ ಅವರ ತೋರುಬೆರಳು, ನಡುಬೆರಳುಗಳ ಸಂದಿಯಲ್ಲಿ ಹುಣಸೆಬೀಜದಷ್ಟು ಗಟ್ಟಿ ಜಡ್ಡಿತ್ತು, ಎರಡೂ ಕೈಗಳಲ್ಲಿ. ಕೈಗೆರಡರಂತೆ ನಾಲ್ಕು ಕೋಲು ಹಿಡಿದು ನಲವತ್ತು ವರ್ಷ ವೈಬ್ರಫೋನ್ ನುಡಿಸಿದ ಗುರುತು. ಸಾಲಾಗಿ ಜೋಡಿಸಿದ ಲೋಹದ ಪಟ್ಟಿಗಳು, ಕೆಳಗೆ ಕೊಳವೆಗಳು, ನಾದವನ್ನು ತೂಗಾಡಿಸಲು ಒಂದು ಪುಟ್ಟ ಮೋಟಾರು. ಸಿದ್ಧಾರ್ಥನಗರದಲ್ಲಿ ನಮ್ಮ ಪಕ್ಕದ ಮನೆ ಅವರದು. ಹರೆಯದಲ್ಲಿ ಹೋಟೆಲುಗಳಲ್ಲಿ ಜಾಝ್ ನುಡಿಸಿದ್ದರು. ಆಮೇಲೆ ಮದ್ರಾಸಿನ ಸ್ಟುಡಿಯೋಗಳಲ್ಲಿ ಸಿನಿಮಾ ಹಾಡುಗಳಿಗೆ ವೈಬ್ರಫೋನ್, ಗಿಲಕಿ, ಗಂಟೆ, ಗೆಜ್ಜೆ, ಕೇಳಿದ್ದೆಲ್ಲ. ಅಲ್ಲಿನ ಭಾಷೆಯಲ್ಲಿ ಅದು ‘ಸೈಡ್ ರಿದಮ್’.

“ಸೈಡ್ ಅಂತಾರೆ ಕಣಮ್ಮ. ಅದನ್ನ ತೆಗೆದ್ಬುಟ್ಟು ಹಾಡು ಕೇಳು, ಒಗ್ಗರಣೆ ಇಲ್ಲದ ಸಾರು,” ಎನ್ನುತ್ತಿದ್ದರು.

ಎದುರುಮನೆ ರತ್ನಮ್ಮನವರು ಒಮ್ಮೆ ಆ ವಾದ್ಯ ನೋಡಿ, “ಜಲತರಂಗ ಅಲ್ವಾ? ನೀರೆಲ್ಲಿ ಹಾಕ್ತೀರಿ?” ಎಂದರು.

“ನೀರು ಹಾಕಿದ್ರೆ ಶಾಕ್ ಹೊಡೀತದೆ ಕಣ್ರೀ, ಒಳಗೆ ಮೋಟ್ರೈತೆ,” ಎಂದು ಅಂಕಲ್ ನಕ್ಕರು.

ರತ್ನಮ್ಮನವರ ತಪ್ಪಿಗೆ ನಾನೂ ನಕ್ಕಿದ್ದೆ. ಕಳೆದ ವರ್ಷ ಸಂಘವೊಂದು ಅಂಕಲ್‌ಗೆ ಸನ್ಮಾನ ಇಟ್ಟುಕೊಂಡಾಗ ನಗು ಬರಲಿಲ್ಲ. ಬಿನ್ನವತ್ತಳೆ ಬರೆದವಳು ನಾನು. ಕಾರ್ಯದರ್ಶಿ ಫೋನ್ ಮಾಡಿದರು: “ವೈಬ್ರಫೋನ್ ಅಂದ್ರೆ ಜನ ಮೊಬೈಲ್ ಅಂದ್ಕೋತಾರೆ ಕಣಮ್ಮ. ಜಲತರಂಗ ಅಂತ ಹಾಕ್ಬುಡೋಣ. ಕೇಳೋಕೂ ಗೌರವ.”

ಬೇಡವೆಂದು ಎರಡು ಸಲ ಹೇಳಿದೆ. ಆದರೂ ‘ಜಲತರಂಗ ವಿದ್ವಾನ್’ ಎಂದೇ ಅಚ್ಚಾಯಿತು. ಅವರ ಹೆಸರು ಅವರ ವಾದ್ಯದೊಂದಿಗೆ ಅಚ್ಚಾಗಬೇಕಿದ್ದುದು ಜೀವಮಾನದಲ್ಲಿ ಅದೊಂದೇ ಸಲ. ವೇದಿಕೆಯ ಮೇಲೆ ಅದನ್ನು ಓದುತ್ತಿದ್ದಂತೆ ಅಂಕಲ್ ಎದ್ದು ಮೈಕ್ ಕೇಳಿ ಪಡೆದರು.

“ನಾನು ಜಲತರಂಗ ಮುಟ್ಟಿದವನಲ್ಲ. ಅದನ್ನ ಕಷ್ಟಪಟ್ಟು ಕಲಿತೋರು ಬೇರೆ ಇದಾರೆ. ಈ ಶಾಲು ಅವರದು.”

ಶಾಲನ್ನು ಮಡಿಸಿ ಕುರ್ಚಿಯ ಮೇಲಿಟ್ಟು ಇಳಿದು ಬಂದರು. “ಇಂಥೋರಿಗೆಲ್ಲ ಸನ್ಮಾನ ಮಾಡಬಾರದು ನೋಡಿ,” ಎಂದರು ಕಾರ್ಯದರ್ಶಿ, ನನಗೆ ಕೇಳುವಂತೆ. ನಾನು ಅಂಕಲ್ ಹಿಂದೆಯೇ ಹೊರಗೆ ಹೋಗಿ ಆಟೋ ಕರೆದೆ.

ಆಟೋದಲ್ಲಿ ಅಂಕಲ್, “ನೀನು ಬರೆದಿದ್ದು ಓದು,” ಎಂದರು. ಓದಿದೆ. “ಮಹಾನ್ ಕಲಾವಿದ ಅನ್ನೋದು ಹೊಡೆದಾಕು. ಯಾವ್ಯಾವ ಹಾಡಲ್ಲಿ ನುಡಿಸಿದೀನಿ ಅಂತ ಬರಿ. ನಾನು ಹೇಳ್ತೀನಿ.”

ಭಾನುವಾರಗಳಂದು ಹೇಳಿ ಬರೆಸಿದರು. ಹನ್ನೊಂದು ಹಾಡಾಗಿತ್ತು. ಹನ್ನೆರಡನೆಯದಕ್ಕೆ ಕೂರುವ ಮೊದಲೇ ಎದೆನೋವು ಬಂತು. ಆಸ್ಪತ್ರೆಯಿಂದ ಅವರು ಮರಳಲಿಲ್ಲ.

ಉಳಿದವನ್ನು ಹುಡುಕಲು ಅವರ ಕಪಾಟಿನ ಕ್ಯಾಸೆಟ್‌ಗಳನ್ನೆಲ್ಲ ತೆಗೆದು ಕವರ್ ಓದಿದೆ. ಗಾಯಕರ ಹೆಸರಿದೆ, ನಾಯಕನ ಹೆಸರಿದೆ. ಆಶೀರ್ವದಿಸಿದ್ದಕ್ಕಾಗಿ ನಿರ್ಮಾಪಕರ ತಾಯಿಯ ಹೆಸರೂ ಇದೆ.